ಸೋಲಾರ್ ಪ್ಲಾಂಟಿಗೆ ಟ್ರಾನ್ಸ್‌ಫಾರ್ಮರ್: ಕೆವಿಎ ನೋಡಿ ತಂದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಸೋಲಾರ್ ವಿದ್ಯುತ್ ಬಗ್ಗೆ ಏನೇ ಬಂದರೂ ಓದುತ್ತೇನೆ. ಪ್ಯಾನೆಲ್ ಬಗ್ಗೆ ಬರೆದಿದ್ದೀರಿ, ಇನ್ವರ್ಟರ್ ಬಗ್ಗೆ ಬರೆದಿದ್ದೀರಿ, ಈಚೆಗೆ ಬ್ಯಾಟರಿ ಬಗ್ಗೆಯೂ ಬರುತ್ತಿದೆ. ಇನ್ವರ್ಟರ್‌ನಿಂದ ಬಂದ ಕರೆಂಟಿನ ವೋಲ್ಟೇಜ್ ಏರಿಸಿ ಗ್ರಿಡ್‌ಗೆ ಕಳಿಸುವ ಟ್ರಾನ್ಸ್‌ಫಾರ್ಮರ್ ಬಗ್ಗೆ ಮಾತ್ರ ಒಂದು ಸಾಲೂ ಕಂಡಿಲ್ಲ. ಫೋಟೋದ ಮೂಲೆಯಲ್ಲಿ ಬೂದು ಬಣ್ಣದ ಡಬ್ಬದ ಹಾಗೆ ಕಾಣಿಸಿಕೊಂಡು ಹೋಗುತ್ತದೆ, ಅಷ್ಟೇ. ನಾನು ಟ್ರಾನ್ಸ್‌ಫಾರ್ಮರ್ ರಿಪೇರಿ, ಮೇಂಟೆನೆನ್ಸ್ ಕೆಲಸದಲ್ಲೇ ವರ್ಷಗಟ್ಟಲೆ ಇದ್ದವನು, ಹಾಗಾಗಿ ನನಗೆ ಹೊಟ್ಟೆಯುರಿ ಸ್ವಲ್ಪ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಆದರೆ ಈ ಅಸಡ್ಡೆ ಪತ್ರಿಕೆಗಳದ್ದು ಮಾತ್ರ ಅಲ್ಲ, ಪ್ಲಾಂಟ್ ಹಾಕಿಸುವವರದ್ದೂ ಹೌದು. ಪ್ಯಾನೆಲ್ ಆರಿಸೋಕೆ ಮೂರು ತಿಂಗಳು ತಲೆ ಕೆಡಿಸಿಕೊಳ್ಳುತ್ತಾರೆ. ಟ್ರಾನ್ಸ್‌ಫಾರ್ಮರ್ ವಿಷಯಕ್ಕೆ ಬಂದರೆ "ಎಷ್ಟು ಕೆವಿಎ, ಯಾವತ್ತು ಕೊಡ್ತೀರಿ" ಅಂತ ಎರಡೇ ಪ್ರಶ್ನೆ. (ಕೆವಿಎ ಅಂದರೆ ಅದು ಎಷ್ಟು ವಿದ್ಯುತ್ ಹೊರಬಲ್ಲದು ಅನ್ನುವ ಅಳತೆ.)

ಹೀಗೆ ಎರಡು ಪ್ರಶ್ನೆ ಕೇಳಿ ತಂದಿಟ್ಟ ಒಂದು ಪ್ಲಾಂಟಿಗೆ ನನ್ನನ್ನು ಕರೆದಿದ್ದರು. ಇನ್ವರ್ಟರ್‌ಗಳು ಸುಮ್ಸುಮ್ನೆ ಟ್ರಿಪ್ ಆಗುತ್ತವೆ, ಕಾರಣ ಗೊತ್ತಾಗುತ್ತಿಲ್ಲ ಅಂತ ದೂರು. ಬಿಸಿಲೇರಿದ ಮೇಲೆ ಎಲ್ಲ ಸರಿ. ಇಬ್ಬನಿ ಬಿದ್ದ ಬೆಳಗ್ಗೆ ಮತ್ತು ಮಳೆ ಬಂದ ದಿನ ಮಾತ್ರ ಕಾಟ. ಅವರು ಕೇಬಲ್ ಬದಲಿಸಿದ್ದರು, ಕನೆಕ್ಟರ್‌ಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದ್ದರು, ಇನ್ವರ್ಟರ್ ಒಳಗಿನ ಬೋರ್ಡ್ ಕೂಡ ಹೊಸದಾಗಿತ್ತು. ಟ್ರಾನ್ಸ್‌ಫಾರ್ಮರ್ ಕಡೆ ಯಾರೂ ತಲೆ ಎತ್ತಿ ನೋಡಿರಲಿಲ್ಲ. ನೋಡಿದರೆ ಅದು ಬೀದಿ ಬದಿಯಲ್ಲಿ ನಿಲ್ಲುವ ಮಾಮೂಲಿ ಟಿಸಿ. ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜ್ ಕಡೆಯ ನ್ಯೂಟ್ರಲ್‌ಗೆ (ಮೂರು ಫೇಸ್‌ಗಳು ಕೂಡುವ ತುದಿ) ದಪ್ಪ ಪಟ್ಟಿ ಹಾಕಿ ನೀಟಾಗಿ ಅರ್ಥಿಂಗ್ ಮಾಡಿದ್ದರು. ಕೆಲಸ ಮಾಡಿದವನ ತಪ್ಪಲ್ಲ ಅದು. ಮನೆಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್‌ಗೆ ನ್ಯೂಟ್ರಲ್ ಅರ್ಥಿಂಗ್ ಬೇಕೇ ಬೇಕು, ಅವನು ಜೀವಮಾನವಿಡೀ ಹಾಗೇ ಮಾಡಿಕೊಂಡು ಬಂದಿದ್ದಾನೆ.

ಆದರೆ ಅಲ್ಲಿದ್ದ ಇನ್ವರ್ಟರ್‌ಗೆ ಅದು ಆಗಿಬರುವುದಿಲ್ಲ. ಈಗಿನ ಬಹುಪಾಲು ಇನ್ವರ್ಟರ್‌ಗಳ ಒಳಗೆ ಬೇರೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಡಿಸಿ ಕಡೆಗೂ ಎಸಿ ಕಡೆಗೂ ನಡುವೆ ಗೋಡೆ ಇಲ್ಲ ಅಂದುಕೊಳ್ಳಿ. ಪ್ಯಾನೆಲ್ ಅಂದರೆ ಅಗಲವಾದ ಒಂದು ತಟ್ಟೆ, ಅದಕ್ಕೂ ಭೂಮಿಗೂ ನಡುವೆ ಒಂದು ಕೆಪಾಸಿಟರ್ ತಾನಾಗೇ ಇರುತ್ತದೆ. ಮೇಲೆ ನೀರು ಕೂತರೆ ಅದು ಇನ್ನೂ ದೊಡ್ಡದಾಗುತ್ತದೆ. ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಮಾಡುವಾಗ ಈ ದಾರಿಯಲ್ಲಿ ಸಣ್ಣ ಕರೆಂಟ್ ಭೂಮಿಗೆ ಇಳಿಯುತ್ತದೆ. ನ್ಯೂಟ್ರಲ್ ಭೂಮಿಗೆ ಕಟ್ಟಿದ್ದರೆ ಆ ಕರೆಂಟ್ ನ್ಯೂಟ್ರಲ್ ಮೂಲಕ ವಾಪಸ್ ಬಂದು ಸುತ್ತು ಪೂರ್ತಿ ಆಗುತ್ತದೆ. ಇನ್ವರ್ಟರ್ ಅದನ್ನು ಲೀಕೇಜ್ ಅಂತ ಓದಿ ನಿಂತುಬಿಡುತ್ತದೆ. ನ್ಯೂಟ್ರಲ್ ಅರ್ಥ್ ಮಾಡಬೇಡಿ ಅಂತ ಆ ಇನ್ವರ್ಟರ್ ಮ್ಯಾನ್ಯುಯಲ್‌ನಲ್ಲೇ ಇತ್ತು. ಪಟ್ಟಿ ಬಿಚ್ಚಿ, ಬದಲಿಗೆ ಇನ್ಸುಲೇಷನ್ ಮೇಲೆ ಕಣ್ಣಿಡುವ ಒಂದು ರಿಲೇ ಹಾಕಿಸಿದೆವು. ಟ್ರಿಪ್ಪಿಂಗ್ ನಿಂತಿತು. (ಎಲ್ಲ ಇನ್ವರ್ಟರ್‌ಗೂ ಇದೇ ನಿಯಮ ಅಂತ ಯಾರೂ ನಾಳೆ ಸ್ಪ್ಯಾನರ್ ಹಿಡಿದು ಹೊರಡಬೇಡಿ. ನ್ಯೂಟ್ರಲ್ ಬೇಕು ಅನ್ನುವ ಇನ್ವರ್ಟರ್‌ಗಳೂ ಇವೆ. ಮೊದಲು ಮ್ಯಾನ್ಯುಯಲ್ ಓದಿ.)

ಅದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬ್ರೀದರ್ ಅಂದರೆ ಒಳಗೆ ಬರುವ ಗಾಳಿಯ ತೇವ ಹೀರುವ ಡಬ್ಬಿ. ಅದರ ಸಿಲಿಕಾ ಜೆಲ್ ನೀಲಿ ಇರಬೇಕಾದದ್ದು ತೇವ ಕುಡಿದು ಪೂರ್ತಿ ಗುಲಾಬಿ ಆಗಿತ್ತು. ಬದಲಿಸಿ ಎಷ್ಟು ದಿನ ಆಯಿತು ಅಂತ ಕೇಳಿದರೆ, ಹೋದ ತಿಂಗಳಷ್ಟೇ ಅಂದರು. ನನಗೆ ಆಶ್ಚರ್ಯ ಆಗಲಿಲ್ಲ. ಸೋಲಾರ್ ಟ್ರಾನ್ಸ್‌ಫಾರ್ಮರ್ ದಿನಾ ಒಂದು ದೊಡ್ಡ ಉಸಿರು ತೆಗೆದುಕೊಳ್ಳುತ್ತದೆ. ಮಧ್ಯಾಹ್ನ ಫುಲ್ ಲೋಡಲ್ಲಿ ಆಯಿಲ್ ಕಾದು ಉಬ್ಬುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಸಂಜೆ ಲೋಡ್ ಸೊನ್ನೆ, ಆಯಿಲ್ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ಒಳಗೆ ಬರುತ್ತದೆ. ಅದೂ ಯಾವ ಗಾಳಿ? ರಾತ್ರಿಯ ಥಂಡಿ ಗಾಳಿ. ಊರಿಗೆ ಕರೆಂಟ್ ಕೊಡುವ ಟಿಸಿ ಕೂಡ ಉಸಿರಾಡುತ್ತದೆ, ಆದರೆ ಅದರ ಲೋಡ್ ರಾತ್ರಿಯೂ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಏರಿಳಿತ ಕಡಿಮೆ. ಇದರದ್ದು ದಿನಕ್ಕೊಂದು ಪೂರ್ತಿ ಏರು, ಪೂರ್ತಿ ಇಳಿತ. ತೇವ ಆಯಿಲ್‌ಗೆ ಸೇರಿದರೆ ಅದು ಅಲ್ಲೇ ಉಳಿಯುವುದಿಲ್ಲ, ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿಗೆ ಸುತ್ತಿರುವ ಕಾಗದಕ್ಕೆ ಹೋಗಿ ಕೂರುತ್ತದೆ. ಆಯಿಲ್ ಫಿಲ್ಟರ್ ಮಾಡಬಹುದು, ಕಾಗದವನ್ನು ಒಣಗಿಸೋದು ಅಷ್ಟು ಸುಲಭ ಅಲ್ಲ.

ಅದಕ್ಕೇ ಬಯಲಲ್ಲಿ ನಿಲ್ಲುವ ಸೋಲಾರ್ ಟ್ರಾನ್ಸ್‌ಫಾರ್ಮರ್‌ಗೆ ನನ್ನ ಮೊದಲ ಓಟು ಸೀಲ್ ಮಾಡಿದ ಟ್ಯಾಂಕಿಗೆ. ಬ್ರೀದರ್ರೇ ಇಲ್ಲ, ಉಬ್ಬಿದ ಆಯಿಲ್‌ಗೆ ಜಾಗ ಕೊಡುವ ಮೇಲಿನ ಡ್ರಮ್, ಅಂದರೆ ಕನ್ಸರ್ವೇಟರ್, ಅದೂ ಇಲ್ಲ. ಟ್ಯಾಂಕಿನ ಗೋಡೆ ಮಡಿಕೆ ಮಡಿಕೆಯಾಗಿ ಇರುತ್ತದೆ, ಆಯಿಲ್ ಉಬ್ಬಿದಾಗ ಆ ಮಡಿಕೆಗಳೇ ಸ್ವಲ್ಪ ಹಿಗ್ಗಿ ಜಾಗ ಕೊಡುತ್ತವೆ. ಅನನುಕೂಲವೂ ಇದೆ. ಒಳಗೆ ದೋಷ ಆಗಿ ಗ್ಯಾಸ್ ಎದ್ದರೆ ಎಚ್ಚರಿಸುವ ಮಾಮೂಲಿ ಬುಕೋಲ್ಜ್ ರಿಲೇ ಇದಕ್ಕೆ ಕೂರುವುದಿಲ್ಲ, ಅದಕ್ಕೆ ಕನ್ಸರ್ವೇಟರ್ ಪೈಪ್ ಬೇಕು. ಹಾಗಾಗಿ ಒತ್ತಡ, ತಾಪ, ಗ್ಯಾಸ್ ಮೂರನ್ನೂ ನೋಡುವ ಬೇರೆ ರಿಲೇ ಹಾಕಿಸಬೇಕು. ಮಡಿಕೆ ತಗಡು ತೆಳು, ಸಾಗಿಸುವಾಗ ಪೆಟ್ಟು ಬಿದ್ದರೆ ವೆಲ್ಡಿಂಗ್ ಹತ್ತಿರ ಜಿನುಗಲು ಶುರುವಾಗುತ್ತದೆ. ಲಾರಿಯಿಂದ ಇಳಿಸುವಾಗ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಆಯಿಲ್ ಟೈಪೋ, ಡ್ರೈ ಟೈಪೋ? ಇದಕ್ಕೆ ಒಂದೇ ಮಾತಿನ ಉತ್ತರ ಹೇಳುವವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾರುತ್ತಿರುತ್ತಾರೆ. ನಾನು ಮೊದಲು ಕೇಳುವುದು ಅದು ಎಲ್ಲಿ ನಿಲ್ಲುತ್ತದೆ ಅಂತ. ಕಟ್ಟಡದ ಮೇಲೆ, ನೆಲಮಾಳಿಗೆಯಲ್ಲಿ, ಜನ ಓಡಾಡುವ ಜಾಗದ ಪಕ್ಕದಲ್ಲಿ ಆದರೆ ಡ್ರೈ ಟೈಪ್. ರೆಸಿನ್‌ನಲ್ಲಿ ಎರಕ ಹೊಯ್ದ ಕಾಯಿಲ್, ಸೋರುವುದಕ್ಕೆ ಏನೂ ಇಲ್ಲ, ಬೆಂಕಿ ಹತ್ತಿದರೂ ಹಬ್ಬುವುದು ಕಡಿಮೆ, ಆಯಿಲ್ ಗುಂಡಿ ತೋಡುವ ಗೋಜಿಲ್ಲ. ಬಯಲಲ್ಲಿ ಧೂಳು, ಬಿಸಿಲು, ಮಳೆಗೆ ನಿಲ್ಲಿಸುವುದಾದರೆ ಅದೇ ಡ್ರೈ ಟೈಪ್ ತಲೆನೋವು. ಅದಕ್ಕೊಂದು ಗೂಡು ಬೇಕು, ಗೂಡು ಮಾಡಿದರೆ ಶಾಖ ಒಳಗೇ ಉಳಿಯುತ್ತದೆ, ಶಾಖ ತೆಗೆಯೋಕೆ ಫ್ಯಾನ್ ಹಾಕಿದರೆ ಫ್ಯಾನ್ ಧೂಳನ್ನೂ ಎಳೆದು ತರುತ್ತದೆ. ಕಾಯಿಲ್ ಮೇಲೆ ಧೂಳು, ಅದರ ಮೇಲೆ ಇಬ್ಬನಿ, ಆಮೇಲೆ ಮೇಲ್ಮೈಯಲ್ಲೇ ಕಿಡಿ ಹರಿದಾಡಿದ ಕಪ್ಪು ಗೆರೆಗಳು. ಇನ್ನೊಂದು ವಿಷಯ, ಆಯಿಲ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕಾಯಿಲ್ ಬಿಚ್ಚಿ ರೀವೈಂಡಿಂಗ್ ಮಾಡಬಹುದು. ಎರಕ ಹೊಯ್ದ ಕಾಯಿಲ್ ಹೋದರೆ ಹೋಯಿತು, ಹೊಸ ಕಾಯಿಲ್ಲೇ ತರಿಸಬೇಕು.

ಡ್ರೈ ಟೈಪ್ ತೆಗೆದುಕೊಳ್ಳುವುದೇ ಆದರೆ ಅಂತಾರಾಷ್ಟ್ರೀಯ ಮಾನಕ ಐಇಸಿ 60076-11 ಪ್ರಕಾರದ ಮೂರು ಗುರುತು ಕೇಳಿ: ಹವೆಗೆ ಸಿ2, ತೇವ ಮತ್ತು ಕೊಳೆಗೆ ಇ2, ಬೆಂಕಿಗೆ ಎಫ್1. "ಎಲ್ಲ ಇದೆ ಸಾರ್" ಅನ್ನುವುದು ಟೆಸ್ಟ್ ರಿಪೋರ್ಟ್ ಅಲ್ಲ.

ಇವೆರಡರ ನಡುವೆ ಮೂರನೆಯದೊಂದು ಇದೆ, ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಟ್ರಾನ್ಸ್‌ಫಾರ್ಮರ್ ಅದೇ, ಒಳಗಿನ ಎಣ್ಣೆ ಬೇರೆ. ಸೋಯಾ, ಸೂರ್ಯಕಾಂತಿಯಂಥ ಬೀಜದ ಎಣ್ಣೆಯಿಂದ ಮಾಡಿದ್ದು, ನ್ಯಾಚುರಲ್ ಎಸ್ಟರ್ ಅಂತಾರೆ. ಮಾಮೂಲಿ ಮಿನರಲ್ ಆಯಿಲ್ 170 ಡಿಗ್ರಿ ಆಸುಪಾಸಿನಲ್ಲಿ ಹೊತ್ತಿಕೊಂಡು ಉರಿಯುತ್ತದೆ. ಎಸ್ಟರ್ 300 ಡಿಗ್ರಿ ದಾಟಿದ ಮೇಲೂ ಸುಲಭಕ್ಕೆ ಹೊತ್ತುವುದಿಲ್ಲ. ಹಾಗಾಗಿ ಇದನ್ನು ಕೆ ಕ್ಲಾಸ್ ದ್ರವ ಅನ್ನುತ್ತಾರೆ, ನೇಮ್ ಪ್ಲೇಟ್ ಮೇಲೆ ತಂಪು ಮಾಡುವ ಬಗೆ ಹೇಳುವ ಜಾಗದಲ್ಲಿ ಓಎನ್‌ಎಎನ್ ಬದಲು ಕೆಎನ್‌ಎಎನ್ ಅಂತ ಬರೆದಿರುತ್ತದೆ. ಸೋರಿದರೆ ಮಣ್ಣಲ್ಲಿ ಬೇಗ ಕೊಳೆತು ಹೋಗುತ್ತದೆ. ಕೆರೆ, ಜಲಾಶಯದ ಮೇಲೆ ತೇಲುವ ಸೋಲಾರ್ ಪ್ಲಾಂಟ್ ಆದರೆ ನಾನಂತೂ ಬೇರೆ ಎಣ್ಣೆ ಯೋಚಿಸುವುದೇ ಇಲ್ಲ. ಇದಕ್ಕಿಂತ ನನಗೆ ಇಷ್ಟವಾದ ಗುಣ ಇನ್ನೊಂದು. ಮಿನರಲ್ ಆಯಿಲ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ ನೀರನ್ನು ಇದು ತನ್ನಲ್ಲಿ ಇಟ್ಟುಕೊಳ್ಳಬಲ್ಲದು. ಕಾಗದದಲ್ಲಿರುವ ತೇವವನ್ನು ಎಣ್ಣೆಯೇ ಎಳೆದುಕೊಳ್ಳುತ್ತದೆ, ಕಾಗದ ನಿಧಾನವಾಗಿ ಮುದಿಯಾಗುತ್ತದೆ. ಆದರೆ ಗಾಳಿ ತಾಗಿದರೆ ಈ ಎಣ್ಣೆ ಜಿಡ್ಡುಗಟ್ಟುತ್ತದೆ, ಸೀಲ್ ಮಾಡಿದ ಟ್ಯಾಂಕ್ ಇಲ್ಲದೆ ಇದನ್ನು ಹಾಕಬಾರದು. ಜೊತೆಗೆ ಮಂದ ಜಾಸ್ತಿ, ನಿಧಾನ ಹರಿಯುತ್ತದೆ. ಹಳೇ ಟ್ರಾನ್ಸ್‌ಫಾರ್ಮರ್ ಖಾಲಿ ಮಾಡಿ ಇದನ್ನು ತುಂಬಿ ಅದೇ ಲೋಡ್ ಎಳೆಯುತ್ತೇನೆ ಅಂದರೆ ಲೆಕ್ಕ ತಪ್ಪುತ್ತದೆ. ಮೊದಲೇ ಇದಕ್ಕೆಂದೇ ಡಿಸೈನ್ ಮಾಡಿಸಬೇಕು.

ರಾತ್ರಿ ಹೊತ್ತು ಒಂದು ಸೋಲಾರ್ ಪ್ಲಾಂಟ್ ಒಳಗೆ ನಡೆದು ನೋಡಿ. ಪ್ಯಾನೆಲ್ ಮಲಗಿದೆ, ಇನ್ವರ್ಟರ್ ಮಲಗಿದೆ. ಎಚ್ಚರ ಇರುವುದು ಟ್ರಾನ್ಸ್‌ಫಾರ್ಮರ್ ಒಂದೇ. ಹತ್ತಿರ ಹೋದರೆ ಗುಂಯ್ ಅನ್ನುವ ಸದ್ದು ಕೇಳಿಸುತ್ತದೆ. ಆ ಸದ್ದು ಪುಕ್ಕಟೆ ಅಲ್ಲ. ಒಂದು ಯೂನಿಟ್ಟೂ ತಯಾರಾಗದ ಹೊತ್ತಲ್ಲಿ ಗ್ರಿಡ್‌ನಿಂದ ಕರೆಂಟ್ ಎಳೆದುಕೊಂಡು ಅದು ತನ್ನ ಕೋರನ್ನು, ಅಂದರೆ ಒಳಗಿನ ಉಕ್ಕಿನ ತಿರುಳನ್ನು, ಕಾಯಿಸಿಕೊಳ್ಳುತ್ತಿದೆ. ಇದೇ ನೋ ಲೋಡ್ ಲಾಸ್. ಲೋಡ್ ಹರಿಯುವಾಗ ವೈಂಡಿಂಗ್ ಕಾದು ಹೋಗುವುದು ಲೋಡ್ ಲಾಸ್. ಲೆಕ್ಕಕ್ಕೆ ಒಂದು ಟ್ರಾನ್ಸ್‌ಫಾರ್ಮರ್‌ನ ನೋ ಲೋಡ್ ಲಾಸ್ 2 ಕಿಲೋವ್ಯಾಟ್, ಫುಲ್ ಲೋಡ್ ಲಾಸ್ 20 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ನೋಡಿದವರು ಎರಡನ್ನು ಬಿಟ್ಟು ಇಪ್ಪತ್ತರ ಹಿಂದೆ ಬೀಳುತ್ತಾರೆ. ಆದರೆ ಆ 2 ಇಡೀ 24 ಗಂಟೆ ಓಡುತ್ತದೆ, ದಿನಕ್ಕೆ 48 ಯೂನಿಟ್. ಲೋಡ್ ಲಾಸ್ ಹಾಗಲ್ಲ, ಅದು ಲೋಡಿನ ವರ್ಗದ ಹಾಗೆ ಏರಿಳಿಯುತ್ತದೆ, ಅರ್ಧ ಲೋಡಿಗೆ ಕಾಲು ಭಾಗ ಮಾತ್ರ. ಬೆಳಗ್ಗೆ ಏರಿ, ಮಧ್ಯಾಹ್ನ ಶೇ 90 ಮುಟ್ಟಿ, ಸಂಜೆ ಇಳಿಯುವ 12 ಗಂಟೆಯ ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 97 ಯೂನಿಟ್ ಬರುತ್ತದೆ. ಅಂದರೆ ಹತ್ತರಲ್ಲಿ ಒಂದು ಅಂತ ಕಂಡದ್ದು ನಿಜದಲ್ಲಿ ಎರಡರಲ್ಲಿ ಒಂದು. ಮೋಡದ ದಿನ ಇದು ಇನ್ನೂ ಕೆಟ್ಟದು. ವರ್ಷಕ್ಕೆ ಆ ಎರಡು ಕಿಲೋವ್ಯಾಟ್ 17,520 ಯೂನಿಟ್ ತಿನ್ನುತ್ತದೆ.

ಹಾಗಾದರೆ ಅಮಾರ್ಫಸ್ ಅನ್ನುವ ಬೇರೆ ಬಗೆಯ ಲೋಹದ ಕೋರ್ ಹಾಕಿಸಿ ಅಂತ ಕೆಲವರು ಹೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ಮಾಮೂಲಿ ಸಿಲಿಕಾನ್ ಸ್ಟೀಲ್ ಕೋರ್‌ನ ಮೂರನೇ ಒಂದು ಭಾಗದಷ್ಟೇ ಲಾಸ್ ಅದರಲ್ಲಿ. ಆದರೆ ಅದು 0.025 ಮಿಲಿಮೀಟರ್ ದಪ್ಪದ ಪಟ್ಟಿ, ಗಾಜಿನ ಹಾಗೆ ಪುಡಿಯಾಗುತ್ತದೆ, ಟ್ರಾನ್ಸ್‌ಫಾರ್ಮರ್ ಗಾತ್ರವೂ ದೊಡ್ಡದಾಗುತ್ತದೆ. ದೊಡ್ಡ ರೇಟಿಂಗ್‌ಗೆ ಹೋದಂತೆ ಶಾರ್ಟ್ ಸರ್ಕ್ಯೂಟ್ ಬಲ ತಡೆಯುತ್ತದಾ ಅಂತ ಟೆಸ್ಟ್ ರಿಪೋರ್ಟ್ ನೋಡದೆ ನಾನು ಒಪ್ಪಲಾರೆ. ಅದಾಗದಿದ್ದರೆ ಒಳ್ಳೆ ದರ್ಜೆಯ ಸ್ಟೀಲ್ ಹಾಕಿಸಿ, ಕಾಂತದ ಹೊರೆ ಸ್ವಲ್ಪ ಕಡಿಮೆ ಇಟ್ಟು ಡಿಸೈನ್ ಮಾಡಿ ಅಂತ ಕೇಳಬಹುದು. ಇನ್ನು ಕೆಲವು ಬುದ್ಧಿವಂತರು ರಾತ್ರಿ ಬ್ರೇಕರ್ ತೆಗೆದುಬಿಡುತ್ತಾರೆ, ಲಾಸೇ ಇಲ್ಲ ಅಂತ. ಪ್ರತಿ ಬೆಳಗ್ಗೆ ಮತ್ತೆ ಚಾರ್ಜ್ ಮಾಡುವಾಗ ರೇಟೆಡ್ ಕರೆಂಟಿನ ಎಷ್ಟೋ ಪಟ್ಟು ಕರೆಂಟ್ ಒಂದು ಕ್ಷಣ ನುಗ್ಗುತ್ತದೆ, ವೈಂಡಿಂಗ್ ನಡುಗುತ್ತದೆ. 25 ವರ್ಷಕ್ಕೆ 9,000 ಸಲಕ್ಕೂ ಜಾಸ್ತಿ ಆಯಿತಲ್ವಾ. ಡ್ರೈ ಟೈಪ್ ಆದರೆ ಇನ್ನೂ ಒಂದು ತೊಂದರೆ, ರಾತ್ರಿಯ ಆ ಸಣ್ಣ ಬಿಸಿಯೇ ಕಾಯಿಲ್ ಮೇಲೆ ಇಬ್ಬನಿ ಕೂರದ ಹಾಗೆ ನೋಡಿಕೊಳ್ಳುತ್ತಿರುತ್ತದೆ. ಆಫ್ ಮಾಡಿದರೆ ಅದೂ ಹೋಯಿತು.

ಕೆವಿಎ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲೂ ಎಡವುತ್ತಾರೆ. 1 ಮೆಗಾವ್ಯಾಟ್ ಪ್ಲಾಂಟಿಗೆ 1 ಎಂವಿಎ (1,000 ಕೆವಿಎ) ಸಾಕು ಅಂತ ಲೆಕ್ಕ. ಗ್ರಿಡ್‌ನವರು 0.9 ಪವರ್ ಫ್ಯಾಕ್ಟರ್‌ನಲ್ಲಿ ರಿಯಾಕ್ಟಿವ್ ಪವರ್ (ಯೂನಿಟ್ ಲೆಕ್ಕಕ್ಕೆ ಬರದ, ವೋಲ್ಟೇಜ್ ಹಿಡಿದಿಡಲು ಬೇಕಾದ ವಿದ್ಯುತ್) ಕೊಡಿ ಅಂದರೆ ಅದೇ 1 ಮೆಗಾವ್ಯಾಟ್‌ಗೆ 1.11 ಎಂವಿಎ ಬೇಕು. "ಸೋಲಾರ್ ಅಲ್ವಾ ಸಾರ್, ಮಧ್ಯಾಹ್ನ ಒಂದು ಗಂಟೆ ತಾನೇ ಫುಲ್ ಲೋಡ್" ಅಂತ ಚಿಕ್ಕದನ್ನು ಹಾಕಿಸುವವರಿದ್ದಾರೆ. ಒಂದು ಕಾಲಕ್ಕೆ ಸರಿಯಿತ್ತೇನೋ. ಈಗ ಇನ್ವರ್ಟರ್‌ಗಿಂತ ಜಾಸ್ತಿ ಪ್ಯಾನೆಲ್ ಹಾಕುವುದು ರೂಢಿ, 1 ಮೆಗಾವ್ಯಾಟ್ ಇನ್ವರ್ಟರ್‌ಗೆ 1.3, 1.4 ಮೆಗಾವ್ಯಾಟ್ ಪ್ಯಾನೆಲ್. ಹಾಗಾಗಿ ದಿನದ ಗ್ರಾಫ್ ಗುಡ್ಡದ ಹಾಗೆ ಇರುವುದಿಲ್ಲ, ಮೇಜಿನ ಹಾಗೆ ಚಪ್ಪಟೆ. ಒಳ್ಳೆ ಬಿಸಿಲಿನ ದಿನ ನಾಲ್ಕೈದು ಗಂಟೆ ಫುಲ್ ಲೋಡ್ ನಿಲ್ಲುತ್ತದೆ. ಆಯಿಲ್ ಹೆಚ್ಚುಕಡಿಮೆ ಪೂರ್ತಿ ಕಾಯೋಕೆ ಅಷ್ಟು ಹೊತ್ತು ಸಾಕು. ಅದೂ ದಿನದ ಅತಿ ಬಿಸಿ ಹೊತ್ತಿನಲ್ಲೇ. ಮನೆಗಳ ಲೋಡ್ ಸಂಜೆ ತಂಪಲ್ಲಿ ಏರುತ್ತದೆ, ಇದರದ್ದು ಸೂರ್ಯನ ಜೊತೆಗೇ ಏರುತ್ತದೆ.

ಐಇಸಿ ಪ್ರಕಾರ ಮಾಮೂಲಿ ಟ್ರಾನ್ಸ್‌ಫಾರ್ಮರ್ ಲೆಕ್ಕ ಹಾಕುವುದು ಹೊರಗಿನ ಗಾಳಿ 40 ಡಿಗ್ರಿ ದಾಟುವುದಿಲ್ಲ, ವರ್ಷದ ಸರಾಸರಿ 20 ಡಿಗ್ರಿ ಅಂತ ಹಿಡಿದು. ಬಿಸಿಲು ಜಾಸ್ತಿ ಇರುವ ಜಾಗ ನೋಡಿಯೇ ಸೋಲಾರ್ ಪ್ಲಾಂಟ್ ಹಾಕುತ್ತಾರೆ, ಅಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಮಾಮೂಲಿ ಕಾಗದದ ಇನ್ಸುಲೇಷನ್‌ಗೆ ಒಳಗಿನ ಅತಿ ಬಿಸಿ ಜಾಗ 98 ಡಿಗ್ರಿ ಇದ್ದರೆ ಮಾಮೂಲಿ ಆಯಸ್ಸು. ಅದರ ಮೇಲೆ ಪ್ರತಿ 6 ಡಿಗ್ರಿಗೆ ಮುದಿಯಾಗುವ ವೇಗ ಎರಡು ಪಟ್ಟು. ಹಾಗಾಗಿ ಆರ್ಡರ್ ಕೊಡುವಾಗಲೇ ನಮ್ಮ ಜಾಗದಲ್ಲಿ ಬೇಸಿಗೆ ಎಷ್ಟು ಏರುತ್ತದೆ ಅಂತ ಬರೆದು ಕೊಡಿ, 50 ಡಿಗ್ರಿ ಅಂದರೆ 50 ಡಿಗ್ರಿ ಅಂತಲೇ. ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ವೈಂಡಿಂಗ್ ವಿಷಯ ಇನ್ವರ್ಟರ್ ನೋಡಿಯೇ ನಿರ್ಧಾರ ಆಗಬೇಕು. ಕೆಲವೇ ಸಾಲು ಪ್ಯಾನೆಲ್‌ಗೆ ಒಂದರಂತೆ ಹಾಕುವ ಸಣ್ಣ ಸ್ಟ್ರಿಂಗ್ ಇನ್ವರ್ಟರ್‌ಗಳನ್ನೆಲ್ಲ ಒಂದೇ ಎಲ್‌ಟಿ ವೈಂಡಿಂಗ್‌ಗೆ ಸೇರಿಸಬಹುದು. ಎಲ್‌ಟಿ 400 ವೋಲ್ಟ್ ಇದ್ದರೆ 1 ಎಂವಿಎಗೆ 1,443 ಆಂಪ್ಸ್ ಹರಿಯುತ್ತದೆ, 800 ವೋಲ್ಟ್ ಮಾಡಿದರೆ 722. ದೊಡ್ಡ ಪ್ಲಾಂಟ್‌ಗಳಲ್ಲಿ 800 ಯಾಕೆ ಬಂತು ಅನ್ನುವುದು ಕೇಬಲ್ ದಪ್ಪ ನೋಡಿದರೇ ಗೊತ್ತಾಗುತ್ತದೆ. ದೊಡ್ಡ ಸೆಂಟ್ರಲ್ ಇನ್ವರ್ಟರ್‌ಗಳನ್ನು ಮಾತ್ರ ಹಾಗೆ ಒಂದೇ ವೈಂಡಿಂಗ್‌ಗೆ ಕಟ್ಟಬಾರದು, ಒಂದರ ಕರೆಂಟ್ ಇನ್ನೊಂದರೊಳಗೆ ಸುತ್ತಲು ಶುರುವಾಗುತ್ತದೆ. ಅದಕ್ಕೇ ಎರಡು ಅಥವಾ ನಾಲ್ಕು ಬೇರೆ ಬೇರೆ ಎಲ್‌ಟಿ ವೈಂಡಿಂಗ್ ಇರುವ ಟ್ರಾನ್ಸ್‌ಫಾರ್ಮರ್ ತರುತ್ತಾರೆ. ಇಲ್ಲಿ ಒಂದು ಸಂಗತಿ ಮರೆತುಹೋಗುತ್ತದೆ. ಒಂದು ಇನ್ವರ್ಟರ್ ಕೆಟ್ಟು ನಿಂತು ಇನ್ನೊಂದು ಓಡುವ ದಿನ ಬಂದೇ ಬರುತ್ತದೆ, ಆಗ ಒಳಗಿನ ಕಾಂತಕ್ಷೇತ್ರ ಒಂದು ಕಡೆ ವಾಲುತ್ತದೆ, ಬಿಸಿ ಬೇರೆ ಜಾಗದಲ್ಲಿ ಏಳುತ್ತದೆ. ಹಾಗೆ ಅರ್ಧ ಓಡಿಸಿ ಲೆಕ್ಕ ಮಾಡಿದ್ದೀರಾ ಅಂತ ತಯಾರಕರನ್ನು ಕೇಳಿ. ಎಲ್‌ಟಿ ಮತ್ತು ಹೆಚ್‌ಟಿ (ಹೆಚ್ಚು ವೋಲ್ಟೇಜ್) ವೈಂಡಿಂಗ್‌ಗಳ ನಡುವೆ ಅರ್ಥ್ ಮಾಡಿದ ತೆಳು ತಾಮ್ರದ ತಡಿಕೆ, ಅಂದರೆ ಶೀಲ್ಡ್, ಇದೆಯಾ ಅಂತಲೂ ಕೇಳಿ. ಇನ್ವರ್ಟರ್ ಎಬ್ಬಿಸುವ ಚೂಪಾದ ವೋಲ್ಟೇಜ್ ಏಟುಗಳು ಹೆಚ್‌ಟಿ ಕಡೆಗೆ ಹಾರದ ಹಾಗೆ ತಡೆಯುವುದು ಅದು. ಮಾಮೂಲಿ ಟಿಸಿಯಲ್ಲಿ ಅದು ಇರುವುದಿಲ್ಲ. ಸೋಲಾರ್ ಟ್ರಾನ್ಸ್‌ಫಾರ್ಮರ್ ಬೇರೆಯೇ ಜಾತಿ ಅನ್ನುವುದು ನನ್ನೊಬ್ಬನ ಹಟ ಅಲ್ಲ, ಎಲೆಕ್ಟ್ರಿಕಲ್ ಇಂಜಿನಿಯರ್‌ಗಳ ಐಇಇಇ ಸಂಸ್ಥೆ 2016ರಲ್ಲಿ ಸಿ57.159 ಅಂತ ಇದಕ್ಕೆಂದೇ ಬೇರೆ ಮಾರ್ಗದರ್ಶಿ ತಂದಿದೆ.

ಹಾರ್ಮೋನಿಕ್ಸ್ (ಇನ್ವರ್ಟರ್ ಕರೆಂಟಿನ ಅಲೆಯಲ್ಲಿ ಬರುವ ಕೊಂಕು) ಬಗ್ಗೆ ಜನ ಹೆದರುವಷ್ಟು ಹೆದರಬೇಕಿಲ್ಲ. ಈಗಿನ ಒಳ್ಳೆ ಇನ್ವರ್ಟರ್‌ಗಳು ಫುಲ್ ಲೋಡಲ್ಲಿ ಶೇ 3ರ ಒಳಗೇ ಇಡುತ್ತವೆ. ಹೇಳಿ ಡಿಸೈನ್ ಮಾಡಿಸಿದರೆ ಸಾಕು.

ಗ್ರಿಡ್‌ಗೆ ಏರಿಸುವ ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್ ಬಗ್ಗೆ ಬರೆಯುತ್ತಾ ಹೋದರೆ ನಿಮ್ಮ ಪುಟ ಸಾಲದು. ಒಂದೇ ಮಾತು. ಚಿಕ್ಕ ಟ್ರಾನ್ಸ್‌ಫಾರ್ಮರ್‌ಗಳ ಹೆಚ್‌ಟಿ ಕಡೆ ಎಲ್ಲ ಡೆಲ್ಟಾ (ನ್ಯೂಟ್ರಲ್ ತುದಿಯೇ ಇಲ್ಲದ ತ್ರಿಕೋನ ಜೋಡಣೆ) ಆಗಿದ್ದು, ದೊಡ್ಡದರ 33 ಕೆವಿ ಕಡೆಯೂ ಡೆಲ್ಟಾ ಆಗಿದ್ದರೆ, ಮಧ್ಯದ 33 ಕೆವಿ ಕೇಬಲ್‌ಗಳಿಗೆಲ್ಲ ಭೂಮಿಯ ಆಧಾರವೇ ಇರುವುದಿಲ್ಲ. ಒಂದು ಫೇಸ್ ನೆಲಕ್ಕೆ ತಾಗಿದರೂ ರಿಲೇಗೆ ಗೊತ್ತಾಗುವುದಿಲ್ಲ, ಉಳಿದೆರಡು ಫೇಸ್‌ಗಳ ಮೇಲೆ ವೋಲ್ಟೇಜ್ ಏರಿ ಕೂರುತ್ತದೆ. ಅಲ್ಲಿ ನ್ಯೂಟ್ರಲ್ ಅರ್ಥ್ ಮಾಡಿದ ಒಂದು ಸ್ಟಾರ್ ಜೋಡಣೆ ಇರಬೇಕು, ಇಲ್ಲದಿದ್ದರೆ ಆ ನ್ಯೂಟ್ರಲ್ ಒದಗಿಸುವ ಜಿಗ್‌ಜಾಗ್ ಅರ್ಥಿಂಗ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಎಲ್‌ಟಿ ಕಡೆ ಅರ್ಥಿಂಗ್ ಬೇಡ ಅಂದವನೇ ಈಗ ಹೆಚ್‌ಟಿ ಕಡೆ ಬೇಕು ಅನ್ನುತ್ತಿದ್ದಾನಲ್ಲ ಅಂತ ನಗಬೇಡಿ. ಹೌದು, ಎರಡೂ ನಿಜ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ ಇದೆ. ಮುಂದಿನ ಸಲ ನಿಮ್ಮ ವರದಿಗಾರರು ಸೋಲಾರ್ ಪ್ಲಾಂಟಿಗೆ ಹೋದಾಗ ಪ್ಯಾನೆಲ್ ಸಾಲುಗಳ ಫೋಟೋ ತೆಗೆದ ಮೇಲೆ ಟ್ರಾನ್ಸ್‌ಫಾರ್ಮರ್ ನೇಮ್ ಪ್ಲೇಟಿನದ್ದೂ ಒಂದು ತೆಗೆಯಲು ಹೇಳಿ. ವೈಂಡಿಂಗ್‌ಗಳನ್ನು ಹೇಗೆ ಜೋಡಿಸಿದ್ದಾರೆ ಅಂತ ಹೇಳುವ ವೆಕ್ಟರ್ ಗ್ರೂಪ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಡಿವೈ 11 ಅಂತ ಇದೆಯಾ, ಡಿವೈಎನ್ 11 ಅಂತ ಇದೆಯಾ ನೋಡಲಿ. ಎನ್ ಇದ್ದರೆ ನ್ಯೂಟ್ರಲ್ ಹೊರಗೆ ತಂದಿದ್ದಾರೆ ಅಂತ ಅರ್ಥ. ತಂದಿದ್ದೇ ತಪ್ಪಲ್ಲ. ಆ ತುದಿ ಎಲ್ಲಿಗೆ ಹೋಗಿದೆ, ಯಾಕೆ ಅಂತ ಅಲ್ಲಿಯ ಸೈಟ್ ಇಂಜಿನಿಯರ್‌ನ ಕೇಳಲಿ, ಮತ್ತು ಅವರು ಕೊಟ್ಟ ಉತ್ತರವನ್ನೂ ಲೇಖನದಲ್ಲಿ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟ್ರಾನ್ಸ್‌ಫಾರ್ಮರ್ ಮೇಂಟೆನೆನ್ಸ್ ಇಂಜಿನಿಯರ್